ಕೇಳದ ಸಂಗೀತದ ಕಡೆಗೆ: ಹುಡುಕುವ ಮತ್ತು ಇನ್ನೊಬ್ಬರಿಗೆ ದಾಟಿಸುವ ಕ್ರಮ

ರಷ್ಯಾದ ಸಂಗೀತ ರಚನಕಾರ ನಿಕೊಲಾಯ್ ಮೆಟ್ನರ್ ತಮ್ಮ ಕೊನೆಯ ವರ್ಷಗಳನ್ನು ಲಂಡನ್ನಿನಲ್ಲಿ ಕಳೆಯುತ್ತಿದ್ದಾಗ ಅವರ ಪಿಯಾನೋ ಕೃತಿಗಳನ್ನು ಬಲ್ಲವರು ಕೆಲವೇ ಮಂದಿ. ಆ ಕೃತಿಗಳನ್ನು ಸ್ವತಃ ಮೆಟ್ನರ್ ಅವರಿಂದಲೇ ನುಡಿಸಿ ಧ್ವನಿಮುದ್ರಿಸಲು 1940ರ ದಶಕದ ಕೊನೆಯಲ್ಲಿ ಹಣ ಒದಗಿಸಿದವರು ಮೈಸೂರಿನ ಜಯಚಾಮರಾಜೇಂದ್ರ ಒಡೆಯರ್. ಎಚ್.ಎಂ.ವಿ. ಕಂಪನಿಯ ಮೂಲಕ ಆ ತಟ್ಟೆಗಳು ಹೊರಬಂದವು. ಮೆಟ್ನರ್ ತಮ್ಮ ಮೂರನೆಯ ಪಿಯಾನೋ ಕನ್ಸರ್ಟೋವನ್ನು ಮಹಾರಾಜರಿಗೆ ಅರ್ಪಿಸಿದರು. ಶ್ರೀವಿದ್ಯಾ ಅಂಕಿತದಲ್ಲಿ 94 ಕರ್ನಾಟಕ ಸಂಗೀತದ ಕೃತಿಗಳನ್ನು ರಚಿಸಿದವರೂ ಇದೇ ಮಹಾರಾಜರು, ಅವುಗಳಲ್ಲಿ ಹಲವು ಅಪರೂಪದ ರಾಗಗಳಲ್ಲಿವೆ. ತನ್ನದನ್ನು ಚೆನ್ನಾಗಿ ಬಲ್ಲ ಕಿವಿಯೊಂದು ದೂರದ್ದನ್ನು ಗುರುತಿಸಿ, ಅದು ಇತರರಿಗೂ ಸಿಗುವಂತೆ ಮಾಡಿದ ಪ್ರಸಂಗ ಇದು. ನಮ್ಮಲ್ಲಿ ಯಾರಿಗೂ ಅರಮನೆಯ ಬೊಕ್ಕಸವಿಲ್ಲ. ಆದರೆ ಮಹಾರಾಜರು ಮಾಡಿದ ಕೆಲಸದ ಎರಡು ಭಾಗಗಳು, ಎಂದರೆ ಹುಡುಕುವುದು ಮತ್ತು ದಾಟಿಸುವುದು, ಇಂದು ಫೋನ್ ಇರುವ ಯಾರಿಗೂ ಸಾಧ್ಯ.

ಅಪರಿಚಿತ ಸಂಗೀತಕ್ಕೆ ಹೋಗುವ ದಾರಿ ಪರಿಚಿತ ಸಂಗೀತದ ಒಳಗಿನಿಂದಲೇ ಹೊರಡುತ್ತದೆ ಎಂಬುದು ಹಲವು ವರ್ಷ ಹೀಗೆ ಹುಡುಕಿದ ಮೇಲೆ ನನಗೆ ದೃಢವಾಗಿರುವ ಮಾತು. ಸಂಗೀತವನ್ನು ಇನ್ನೊಬ್ಬರಿಗೆ ಕೊಡುವಾಗಲೂ ಇದೇ ನಿಯಮ: ಅವರ ಕಿವಿಗೆ ಈಗಾಗಲೇ ಗೊತ್ತಿರುವ ಒಂದು ಎಳೆಯನ್ನು ಕೈಗೆ ಕೊಟ್ಟರೆ ಮಾತ್ರ ಅವರು ಮುಂದಕ್ಕೆ ಬರುತ್ತಾರೆ. ಕೆಳಗಿನ ಹೆಜ್ಜೆಗಳು ಈ ಒಂದು ಮಾತನ್ನು ಆಚರಣೆಗೆ ತರುವ ಬಗೆಗಳು.

ಮೊದಲ ಹೆಜ್ಜೆ: ನಿಮ್ಮ ಕಿವಿಯ ಲೆಕ್ಕ ತೆಗೆಯಿರಿ

ಹುಡುಕಲು ಕೂರುವ ಮೊದಲು ಒಂದು ಹಾಳೆಯಲ್ಲಿ ನೀವು ಮತ್ತೆ ಮತ್ತೆ ಕೇಳುವ ಹತ್ತು ಹಾಡುಗಳನ್ನೋ ಕಛೇರಿಗಳನ್ನೋ ಬರೆಯಿರಿ. ಪ್ರತಿಯೊಂದರ ಎದುರಿಗೆ ಅದರಲ್ಲಿ ನಿಮ್ಮನ್ನು ಹಿಡಿದು ನಿಲ್ಲಿಸುವುದು ಏನೆಂದು ಒಂದು ಸಾಲಿನಲ್ಲಿ ಗುರುತಿಸಿ. "ಚೆನ್ನಾಗಿದೆ" ಎಂದು ಬರೆದರೆ ಪ್ರಯೋಜನವಿಲ್ಲ. "ತಂಬೂರಿಯ ಶ್ರುತಿ ತುಂಬಿಕೊಂಡಿರುವುದು", "ಚಂಡೆಯ ಪೆಟ್ಟು ಏರುತ್ತ ಹೋಗುವುದು", "ಹೇಳುವವರ ಹಿಂದೆ ಗುಂಪು ಸೊಲ್ಲೆತ್ತುವುದು", "ಗಂಟಲು ಒಡೆದಂತಿರುವ ದನಿ" ಎಂಬಂತಹ ಸಾಲುಗಳು ಬೇಕು. ಹತ್ತು ಸಾಲು ಬರೆದ ಮೇಲೆ ನೋಡಿದರೆ ಎರಡು ಮೂರು ಗುಣಗಳು ಮರುಕಳಿಸಿರುತ್ತವೆ. ಹುಡುಕಾಟಕ್ಕೆ ಬೇಕಾದ ಎಳೆಗಳು ಅವೇ. ಭಾವಗೀತೆಯನ್ನು ಇಷ್ಟಪಡುತ್ತೇನೆಂದುಕೊಂಡಿದ್ದವರಿಗೆ ತಮ್ಮನ್ನು ಹಿಡಿದದ್ದು ಆ ಹಾಡುಗಳ ಹಿಂದಿನ ಕೊಳಲೇ ಎಂಬುದು ಈ ಹಾಳೆಯಿಂದ ಗೊತ್ತಾಗಬಹುದು.

ಎರಡನೆಯ ಹೆಜ್ಜೆ: ಹೆಸರುಗಳ ಬೆನ್ನು ಹತ್ತಿರಿ

ಧ್ವನಿಮುದ್ರಿಕೆಯ ಮೇಲೆ ಮುಖ್ಯ ಕಲಾವಿದರ ಹೆಸರಿನ ಜೊತೆಗೆ ಸಹವಾದಕರು, ಗುರುಗಳು, ಮುದ್ರಿಸಿದವರು, ಪ್ರಕಟಿಸಿದ ಸಂಸ್ಥೆ ಎಂದು ಹಲವು ಹೆಸರುಗಳಿರುತ್ತವೆ. ಹೆಚ್ಚಿನವರು ಅವನ್ನು ಓದುವುದಿಲ್ಲ. ಆದರೆ ಶೈಲಿಗಳ ಗಡಿಯನ್ನು ದಾಟಿಸುವುದು ಈ ಸಣ್ಣ ಅಕ್ಷರಗಳೇ. ಒಂದು ಸರಪಳಿಯನ್ನು ಪೂರ್ತಿಯಾಗಿ ತೋರಿಸುತ್ತೇನೆ.

ಧಾರವಾಡದ ಮನೆಗಳಲ್ಲಿ ಸುಲಭವಾಗಿ ಸಿಗುವ ಮಲ್ಲಿಕಾರ್ಜುನ ಮನ್ಸೂರರ ಧ್ವನಿಮುದ್ರಿಕೆಯೊಂದನ್ನು ತೆಗೆದುಕೊಳ್ಳಿ. ಖಟ್, ಶಿವಮತ ಭೈರವ, ಬಿಹಾರಿ ಮುಂತಾದ, ಕಛೇರಿಗಳಲ್ಲಿ ವಿರಳವಾಗಿ ಕೇಳಿಬರುವ ರಾಗಗಳನ್ನು ಅವರು ದಿನಬಳಕೆಯ ಮಾತಿನಷ್ಟು ಸಲೀಸಾಗಿ ಹಾಡುತ್ತಿದ್ದರು. ಈ ರಾಗಗಳು ಅವರಿಗೆ ದೊರೆತದ್ದು ಎಲ್ಲಿಂದ ಎಂದು ಹುಡುಕಿದರೆ ಮಂಜೀಖಾನ್ ಮತ್ತು ಬುರ್ಜೀಖಾನ್ ಎಂಬ ಇಬ್ಬರು ಗುರುಗಳ ಹೆಸರು ಸಿಗುತ್ತದೆ. ಇಬ್ಬರೂ ಜೈಪುರ-ಅತ್ರೌಲಿ ಘರಾಣೆಯ, ಎಂದರೆ ಆ ಹೆಸರಿನ ಗಾಯನ ಪರಂಪರೆಯ, ಅಲ್ಲಾದಿಯಾಖಾನರ ಮಕ್ಕಳು. ಅಲ್ಲಾದಿಯಾಖಾನರ ಶಿಷ್ಯರ ಪಟ್ಟಿಯಲ್ಲಿ ಗೋವೆಯ ಕೇರಿ ಎಂಬ ಊರಿನಲ್ಲಿ ಹುಟ್ಟಿದ ಕೇಸರಬಾಯಿ ಕೇರಕರ್ ಇದ್ದಾರೆ. ಅವರು ಭೈರವಿಯಲ್ಲಿ ಹಾಡಿದ, ಮೂರೂವರೆ ನಿಮಿಷದ ಒಂದು ಹಳೆಯ ಮುದ್ರಿಕೆ 1977ರಲ್ಲಿ ಅಮೆರಿಕದಿಂದ ಹಾರಿದ ವಾಯೇಜರ್ ನೌಕೆಗಳ ಚಿನ್ನಲೇಪಿತ ತಟ್ಟೆಯಲ್ಲಿ ಸೇರಿ ಸೌರಮಂಡಲದಾಚೆಗೆ ಸಾಗುತ್ತಿದೆ.

ಹಲವರು ಈ ಸಂಗತಿಯನ್ನು ಹೆಮ್ಮೆಯಿಂದ ಹೇಳಿ ಅಲ್ಲಿಗೇ ನಿಲ್ಲಿಸುತ್ತಾರೆ. ಹುಡುಕುವವರು ಕೇಳಬೇಕಾದ ಪ್ರಶ್ನೆ ಅಲ್ಲಿಂದ ಮುಂದಿನದು: ಆ ತಟ್ಟೆಗೆ ಸಂಗೀತವನ್ನು ಆರಿಸಿದ ಖಗೋಳ ವಿಜ್ಞಾನಿ ಕಾರ್ಲ್ ಸೇಗನ್ನರ ತಂಡಕ್ಕೆ ಕೇಸರಬಾಯಿಯವರ ಈ ಹಾಡನ್ನು ಸೂಚಿಸಿದವರು ಯಾರು? ರಾಬರ್ಟ್ ಬ್ರೌನ್ ಎಂಬ ಸಂಗೀತ ವಿದ್ವಾಂಸರು. ಅವರು ಡಾಕ್ಟರೇಟ್ ಪ್ರಬಂಧ ಬರೆದದ್ದು ನಮ್ಮ ಮೃದಂಗದ ಮೇಲೆ. ಇಂಡೊನೇಷ್ಯಾದ ಜಾವಾ ದ್ವೀಪಕ್ಕೆ ಹೋಗಿ, ಯೋಗ್ಯಕರ್ತ ನಗರದ ಪಾಕು ಆಲಮನ್ ಅರಮನೆಯ ಗಮೆಲಾನ್ ವಾದ್ಯಮೇಳವನ್ನು ಧ್ವನಿಮುದ್ರಿಸಿಕೊಂಡು ಬಂದವರೂ ಅವರೇ. ಆ ಮುದ್ರಿಕೆಯಿಂದ ಆಯ್ದ, ಹೂವುಗಳ ಬಗೆಗಳನ್ನು ಹೇಳುವ 'ಪುಷ್ಪವರ್ಣ' ಎಂಬ ರಚನೆಯೂ ಅದೇ ವಾಯೇಜರ್ ತಟ್ಟೆಯಲ್ಲಿದೆ. ಹೆಸರಿನಲ್ಲಿರುವ ಸಂಸ್ಕೃತವನ್ನು ಗಮನಿಸಿ. ಮನ್ಸೂರರಿಂದ ಹೊರಟವರು ಐದೇ ಹೆಸರುಗಳಲ್ಲಿ ಜಾವಾದ ಕಂಚಿನ ವಾದ್ಯಗಳ ಮುಂದೆ ಬಂದು ಕುಳಿತಿದ್ದೇವೆ. ಅಷ್ಟೇ ಅಲ್ಲ, ಆ ತಟ್ಟೆಯ 27 ಸಂಗೀತ ತುಣುಕುಗಳೆಲ್ಲ ಸೇರಿ ಸುಮಾರು ಒಂದೂವರೆ ಗಂಟೆಯಷ್ಟೇ ಆಗುತ್ತವೆ. ಜಪಾನಿನ ಬಿದಿರಿನ ಕೊಳಲು, ಜಾರ್ಜಿಯಾದ ಗಂಡಸರ ಮೇಳಗಾಯನ, ಸೆನೆಗಲ್‌ನ ತಾಳವಾದ್ಯ ಎಲ್ಲವೂ ಅದರಲ್ಲಿರುವುದರಿಂದ, ಎಲ್ಲಿಂದ ಆರಂಭಿಸಬೇಕೆಂದು ತೋಚದವರಿಗೆ ನಾನು ಮೊದಲು ಸೂಚಿಸುವುದು ಈ ಪಟ್ಟಿಯನ್ನೇ.

ಬೆಂಗಳೂರಿನಿಂದ ಹೊರಡುವ ಇನ್ನೊಂದು ಸರಪಳಿಯನ್ನು ಚಿಕ್ಕದಾಗಿ ಹೇಳುತ್ತೇನೆ. ಮೃದಂಗ ವಿದ್ವಾಂಸ ಟಿ.ಎ.ಎಸ್. ಮಣಿ ಮತ್ತು ಗಾಯಕಿ ಆರ್.ಎ. ರಮಾಮಣಿ ಅವರ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ತಂಡವು ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಅವರೊಂದಿಗೆ ಸೇರಿ 1983ರಲ್ಲಿ 'ಜ್ಯೋತಿ' ಎಂಬ ಆಲ್ಬಮನ್ನು ಮುದ್ರಿಸಿತು. ಪ್ರಕಟಿಸಿದ್ದು ಜರ್ಮನಿಯ ಇ.ಸಿ.ಎಂ. ಸಂಸ್ಥೆ. ಮರಿಯಾನೊ ನಾಗಸ್ವರವನ್ನೂ ಕಲಿತವರು. ರಮಾಮಣಿಯವರ ದನಿಯಿಂದ ಆರಂಭಿಸಿ, ಮರಿಯಾನೊ ಅವರ ಇತರ ಮುದ್ರಿಕೆಗಳಿಗೆ ಹೋಗಿ, ಅಲ್ಲಿಂದ ಇ.ಸಿ.ಎಂ. ಪ್ರಕಟಿಸಿದ ಬೇರೆ ದೇಶಗಳ ಸಂಗೀತಕ್ಕೆ ಹೋದರೆ ಒಂದು ಇಡೀ ವರ್ಷಕ್ಕೆ ಸಾಕಾಗುವಷ್ಟು ಕೇಳುವುದು ಸಿಗುತ್ತದೆ.

ಈ ಕೆಲಸಕ್ಕೆ ಡಿಸ್ಕಾಗ್ಸ್ ಜಾಲತಾಣ ಬಹಳ ಅನುಕೂಲಕರ. ಅದರಲ್ಲಿ ಯಾವುದೇ ವಾದಕರ ಹೆಸರನ್ನು ಒತ್ತಿದರೆ ಅವರು ಪಾಲ್ಗೊಂಡಿರುವ ಮುದ್ರಿಕೆಗಳು ಸಾಲಾಗಿ ತೆರೆದುಕೊಳ್ಳುತ್ತವೆ. ಮನೆಯಲ್ಲಿ ಹಳೆಯ ಕ್ಯಾಸೆಟ್ಟುಗಳಿದ್ದರೆ ಅವುಗಳ ಒಳಗಿನ ಮಡಚಿದ ಕಾಗದವನ್ನೂ ಬಿಡಿಸಿ ಓದಿ. ತಬಲಾ, ಹಾರ್ಮೋನಿಯಂ, ತಂಬೂರಿ ಸಾಥ್ ನೀಡಿದವರ ಹೆಸರುಗಳು ಅಂತರ್ಜಾಲದಲ್ಲಿ ಎಲ್ಲಿಯೂ ಇಲ್ಲದಿದ್ದರೂ ಅಲ್ಲಿ ಇರುತ್ತವೆ.

ಮೂರನೆಯ ಹೆಜ್ಜೆ: ಕಿವಿಗೆ ಗೊತ್ತಿರುವ ಎಳೆಯನ್ನು ಹಿಡಿಯಿರಿ

ಹೆಸರುಗಳು ಬಾಗಿಲ ತನಕ ಕರೆದೊಯ್ಯುತ್ತವೆ. ಒಳಗೆ ಹೋಗಬೇಕಾದದ್ದು ಕಿವಿ. ಕನ್ನಡ ನೆಲದ ಕೇಳುಗರಿಗೆ ಇಲ್ಲೊಂದು ದೊಡ್ಡ ಅನುಕೂಲವಿದೆ. ಶ್ರುತಿ, ರಾಗ, ತಾಳಗಳ ಸಂಸ್ಕಾರ ಶಾಸ್ತ್ರೀಯ ಸಂಗೀತ ಕಲಿಯದವರಿಗೂ ದಾಸರ ಪದ, ಭಜನೆ, ಯಕ್ಷಗಾನಗಳ ಮೂಲಕ ಎಷ್ಟೋ ಬಂದಿರುತ್ತದೆ.

ಶ್ರುತಿಯಿಂದ ಆರಂಭಿಸೋಣ. ಚೆನ್ನಾಗಿ ಕೂಡಿಸಿದ ತಂಬೂರಿಯ ಪಕ್ಕದಲ್ಲಿ ಕಣ್ಣು ಮುಚ್ಚಿ ಕುಳಿತರೆ ಸ್ವಲ್ಪ ಹೊತ್ತಿನಲ್ಲಿ, ಯಾವ ತಂತಿಯಲ್ಲೂ ಇಲ್ಲದ ಗಾಂಧಾರವೊಂದು ಗಾಳಿಯಲ್ಲಿ ತಾನಾಗಿ ಮೂಡುತ್ತದೆ. ಒಂದು ಸ್ವರ ಮೊಳಗುವಾಗ ಅದರೊಳಗಿನಿಂದಲೇ ಸಣ್ಣಗೆ ಹೊಮ್ಮುವ ಮೇಲಿನ ಸ್ವರಗಳನ್ನು ಅನುಸ್ವರಗಳು ಎನ್ನೋಣ; ಷಡ್ಜದ ತಂತಿಯ ಐದನೆಯ ಅನುಸ್ವರವೇ ಅದು. ನಮ್ಮ ಹಿರಿಯರು ಅದನ್ನು ಸ್ವಯಂಭೂ ಗಾಂಧಾರ ಎಂದರು. ಈ ಅನುಭವ ಇರುವ ಕಿವಿಗೆ, ರಷ್ಯಾದ ದಕ್ಷಿಣ ಸೈಬೀರಿಯಾದಲ್ಲಿರುವ ತುವಾ ಪ್ರಾಂತದ ಗಂಟಲ ಗಾಯನ ಅರ್ಧ ಪರಿಚಿತ. ಅಲ್ಲಿನ ಗಾಯಕರು ಒಂದೇ ಆಧಾರ ಸ್ವರವನ್ನು ಗಂಟಲಿನಲ್ಲಿ ಹಿಡಿದು, ನಾಲಿಗೆ ಮತ್ತು ತುಟಿಗಳ ನೆಲೆಯನ್ನು ಬದಲಿಸುತ್ತ ಅದರ ಅನುಸ್ವರಗಳನ್ನು ಒಂದೊಂದಾಗಿ ಎತ್ತಿ ತೋರಿಸುತ್ತಾರೆ. ಸಿಗಿತ್ ಎಂಬ ಬಗೆಯಲ್ಲಿ ಅದು ಸಿಳ್ಳಿನಂತೆ ಸ್ಪಷ್ಟವಾಗಿ ಕೇಳುತ್ತದೆ. ಅವರು ಬಳಸುವ 8, 9, 10 ಮತ್ತು 12ನೆಯ ಅನುಸ್ವರಗಳನ್ನು ನಮ್ಮ ಲೆಕ್ಕದಲ್ಲಿ ಹೇಳಿದರೆ ಸ, ರಿ, ಗ, ಪ; 7 ಮತ್ತು 11ನೆಯವನ್ನು ಅವರು ಸಾಮಾನ್ಯವಾಗಿ ದಾಟಿಬಿಡುತ್ತಾರೆ. ಹುನ್-ಹುರ್-ತು ಎಂಬ ತಂಡದ ಮುದ್ರಿಕೆಗಳು ಸುಲಭವಾಗಿ ಸಿಗುತ್ತವೆ. ಮೊದಲು ಹತ್ತು ನಿಮಿಷ ಬರಿಯ ತಂಬೂರಿ ಕೇಳಿ, ಆಮೇಲೆ ಅವರನ್ನು ಕೇಳಿ. ವಿಚಿತ್ರ ಶಬ್ದವೆಂದು ತಳ್ಳಿಹಾಕುವ ಮನಸ್ಸೇ ಬರುವುದಿಲ್ಲ.

ಸ್ವರಗಳ ಎಳೆ ಇನ್ನೂ ಹತ್ತಿರದ್ದು. ಇಥಿಯೋಪಿಯಾದ ಸಂಗೀತದಲ್ಲಿ ತಿಜಿತಾ ಎಂಬ ಐದು ಸ್ವರಗಳ ಶ್ರೇಣಿಯಿದೆ. ಅದರ ಒಂದು ರೂಪ ನಮ್ಮ ಮೋಹನದ, ಎಂದರೆ ಹಿಂದೂಸ್ತಾನಿಯ ಭೂಪದ, ಐದು ಸ್ವರಗಳೇ. ನೆನಪು, ಹಂಬಲಗಳ ಹಾಡುಗಳಿಗೆ ಅಲ್ಲಿ ಇದೇ ಹೆಸರು. ಜೀವಮಾನವಿಡೀ ಹಿಂದೂಸ್ತಾನಿ ಕೇಳಿಕೊಂಡು ಬಂದ ನಮ್ಮ ಕಾಕಾ ಅವರಿಗೆ ಒಂದು ಸಂಜೆ, ಏನೂ ಹೇಳದೆ, ಕ್ರಾರ್ ಎಂಬ ತಂತಿವಾದ್ಯದೊಂದಿಗೆ ಹಾಡಿದ ತಿಜಿತಾ ಒಂದನ್ನು ಕೇಳಿಸಿದೆ. ಒಂದು ನಿಮಿಷವಾದ ಮೇಲೆ ಅವರು ಎಲೆ ಅಡಿಕೆಯ ಡಬ್ಬಿಯನ್ನು ಪಕ್ಕಕ್ಕಿಟ್ಟು, "ಇದು ಭೂಪ ಅದಲ್ಲಪಾ, ಯಾರು ಇವರು?" ಎಂದರು. ಇನ್ನೊಂದು ನಿಮಿಷ ಕೇಳಿ, "ಭೂಪ ಅಲ್ಲ. ಗಂಧಾರದ ಮ್ಯಾಲೆ ನಿಂದರವಲ್ಲರು" ಎಂದು ತಿದ್ದಿಕೊಂಡರು. ಆ ಎರಡನೆಯ ಮಾತು ಬಹಳ ದೊಡ್ಡದು. ಸ್ವರಗಳು ಒಂದೇ ಆದ ಮಾತ್ರಕ್ಕೆ ರಾಗ ಒಂದೇ ಆಗುವುದಿಲ್ಲ. ಯಾವ ಸ್ವರದ ಮೇಲೆ ನಿಲ್ಲಬೇಕು, ಹೇಗೆ ಜಾರಬೇಕು, ದನಿಯನ್ನು ಹೇಗೆ ನಡುಗಿಸಬೇಕು ಎಂಬುದನ್ನು ಆ ನಾಡಿನವರು ತಮ್ಮದೇ ರೀತಿಯಲ್ಲಿ ಕಟ್ಟಿಕೊಂಡಿದ್ದಾರೆ. ಹೊರಗಿನ ಸಂಗೀತವನ್ನು ಕೇಳಿದ ಕೂಡಲೇ "ಇದು ನಮ್ಮ ರಾಗವೇ" ಎಂದು ಮುಗಿಸಿಬಿಡುವವರು ಬಾಗಿಲಿನಲ್ಲಿಯೇ ನಿಂತವರು. ಎಳೆ ಬೇಕಾಗಿರುವುದು ಒಳಗೆ ಹೋಗುವುದಕ್ಕೆ, ಒಳಗಿರುವುದನ್ನೆಲ್ಲ ನಮ್ಮದೆಂದು ಹೇಳಿಕೊಳ್ಳುವುದಕ್ಕಲ್ಲ.

ಇಥಿಯೋಪಿಯಾದ ಕಡೆಗೆ ಮನಸ್ಸು ಹರಿದವರು ಫ್ರಾನ್ಸಿಸ್ ಫಾಲ್ಸೆಟೊ ಸಂಪಾದಿಸಿದ 'ಎಥಿಯೋಪಿಕ್ಸ್' ಮಾಲಿಕೆಯನ್ನು ಹುಡುಕಲಿ. ಅದರ ನಾಲ್ಕನೆಯ ಸಂಪುಟದಲ್ಲಿ ಮುಲಾತು ಅಸ್ತಾತ್ಕೆ ಅವರ ಜಾಝ್ ಇದೆ. 21ನೆಯ ಸಂಪುಟ ಎಮಹೋಯ್ ತ್ಸೆಗೆ ಮರಿಯಮ್ ಗೆಬ್ರು ಎಂಬ ಸನ್ಯಾಸಿನಿಯ ಪಿಯಾನೋ ವಾದನಕ್ಕೆ ಮೀಸಲಾಗಿದೆ. 1923ರಲ್ಲಿ ಹುಟ್ಟಿ, ಜೆರುಸಲೇಮಿನ ಮಠದಲ್ಲಿ ದಶಕಗಳ ಕಾಲ ಬಾಳಿ, 2023ರಲ್ಲಿ ತೀರಿಕೊಂಡ ಈ ತಾಯಿಯ ವಾದನವನ್ನು ನಾನು ಯಾವ ಶೈಲಿಯ ಪಟ್ಟಿಗೂ ಸೇರಿಸಲಾರೆ. ರಾತ್ರಿ ಮನೆಯವರೆಲ್ಲ ಮಲಗಿದ ಮೇಲೆ ಕೇಳಿ.

ತಾಳದ ಎಳೆಗೆ ಬಾಲ್ಕನ್ ಪ್ರದೇಶಕ್ಕೆ ಹೋಗಬೇಕು. ಬಲ್ಗೇರಿಯಾದ ರಚೆನಿತ್ಸಾ ಎಂಬ ಕುಣಿತದ ನಡೆ ಏಳು ಎಣಿಕೆಯದು, 2+2+3. ಕೈಯಲ್ಲಿ ತಟ್ಟಿದರೆ ಅದು ನಮ್ಮ ವಿಲೋಮ ಚಾಪು. ಪೈದುಷ್ಕೊ ಎಂಬುದರ ಐದು ಎಣಿಕೆ 2+3, ಖಂಡಚಾಪು. ಮೃದಂಗ ಕಲಿಯುವ ಮಕ್ಕಳಿಗೆ ಇವನ್ನು ಕೇಳಿಸಿದರೆ ಅವರೇ ಸೊಲ್ಲುಕಟ್ಟು ಹೇಳಿಕೊಂಡು ಹಿಂಬಾಲಿಸುತ್ತಾರೆ.

ವಾದ್ಯಗಳ ನಂಟೂ ಒಂದು ಎಳೆ. ಸವದತ್ತಿಯ ಯಲ್ಲಮ್ಮನ ಪದ ಹಾಡುವವರ ಕೈಯಲ್ಲಿರುವ ಚೌಡಿಕೆಯಲ್ಲಿ, ಚರ್ಮದ ನಡುವಿನಿಂದ ಹೊರಟ ತಂತಿಯ ಬಿಗುವು ಏರಿಳಿದಂತೆ ಸ್ವರ ಜಾರುತ್ತದೆ. ಬಂಗಾಳದ ಅಲೆಮಾರಿ ಹಾಡುಗಾರರಾದ ಬಾವುಲರ ಖಮಕ್ ಇದೇ ಕುಟುಂಬದ ವಾದ್ಯ. ಹಾಗೆಯೇ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ, ಆಫ್ರಿಕಾ ಮೂಲದ ಸಿದ್ದಿ ಜನರ ಡಮಾಮಿ ಎಂಬ ಚರ್ಮವಾದ್ಯವನ್ನು ಒಮ್ಮೆ ಎದುರಿಗೆ ಕುಳಿತು ಕೇಳಿದವರು ಆಫ್ರಿಕಾದ ತಾಳವಾದ್ಯಗಳ ಕಡೆಗೆ ತಾವಾಗಿಯೇ ತಿರುಗುತ್ತಾರೆ. ಅಪರೂಪದ್ದೆಲ್ಲ ದೂರದಲ್ಲಿಯೇ ಇರಬೇಕೆಂದಿಲ್ಲ. ಕಂಸಾಳೆ, ನೀಲಗಾರರ ತಂಬೂರಿ ಪದ, ತುಳುವಿನ ಪಾಡ್ದನ, ಕೊಡಗಿನ ದುಡಿ ಹಾಡುಗಳನ್ನು ಪೂರ್ತಿಯಾಗಿ ಕೇಳಿರುವ ಕನ್ನಡಿಗರು ಎಷ್ಟು ಮಂದಿ?

ನಾಲ್ಕನೆಯ ಹೆಜ್ಜೆ: ಸರಿಯಾದ ಜಾಗದಲ್ಲಿ ಹುಡುಕಿರಿ

ಯೂಟ್ಯೂಬ್ ಮತ್ತು ಸ್ಪಾಟಿಫೈಗಳು ತಾವಾಗಿಯೇ ಮುಂದಿನ ಹಾಡನ್ನು ಸೂಚಿಸುವುದು ಬಹುಮಟ್ಟಿಗೆ ಒಂದು ಲೆಕ್ಕದ ಮೇಲೆ: ಈ ಹಾಡನ್ನು ಕೇಳಿದ ಇತರರು ಮತ್ತೇನು ಕೇಳಿದರು ಎಂಬುದು. ಹೆಚ್ಚು ಜನ ಕೇಳಿದ್ದು ಮತ್ತಷ್ಟು ಜನರ ಮುಂದೆ ಬರುತ್ತದೆ. ಇನ್ನೂರು ಜನ ಕೇಳಿದ ಮುದ್ರಿಕೆಯ ಬಗ್ಗೆ ಲೆಕ್ಕ ಹಾಕಲು ಯಂತ್ರದ ಬಳಿ ಸಾಮಗ್ರಿಯೇ ಇರುವುದಿಲ್ಲ. ಆದ್ದರಿಂದ ತಾನಾಗಿ ಮುಂದುವರಿಯುವ ಆಟೋಪ್ಲೇ ಸೌಲಭ್ಯವನ್ನು ನಿಲ್ಲಿಸಿ, ಹುಡುಕಾಟಕ್ಕೆಂದೇ ಒಂದು ಬೇರೆ ಖಾತೆ ಇಟ್ಟುಕೊಳ್ಳಿ. ಮಕ್ಕಳ ಹಾಡು, ಅಡುಗೆಯ ವಿಡಿಯೋಗಳ ಲೆಕ್ಕ ಇದರೊಳಗೆ ಬೆರೆಯಬಾರದು. ಒಳ್ಳೆಯದೊಂದು ಸಿಕ್ಕಾಗ ಅದನ್ನು ಏರಿಸಿದವರ ಚಾನೆಲ್ಲಿಗೆ ಹೋಗಿ ಅವರು ಮತ್ತೇನು ಕೂಡಿಹಾಕಿದ್ದಾರೆಂದು ನೋಡಿ. ಒಬ್ಬ ಶ್ರದ್ಧಾವಂತ ಸಂಗ್ರಾಹಕರ ಪುಟವು ಯಂತ್ರದ ನೂರು ಸೂಚನೆಗಳಿಗಿಂತ ಮೇಲು.

ಹುಡುಕುವ ಪದದ ವಿಷಯದಲ್ಲಿ ಎರಡು ಎಚ್ಚರಗಳಿವೆ. ವಾದ್ಯದ, ಊರಿನ, ಆಚರಣೆಯ ಹೆಸರನ್ನು ಆ ಭಾಷೆಯ ಲಿಪಿಯಲ್ಲಿಯೇ ನಕಲಿಸಿ ಹಾಕಿದರೆ ಆ ನಾಡಿನವರೇ ತಮಗಾಗಿ ಏರಿಸಿಕೊಂಡ ಮುದ್ರಿಕೆಗಳು ಸಿಗುತ್ತವೆ. ಇಂಗ್ಲಿಷ್ ಹೆಸರಿಗೆ ಸಿಗುವುದು ಹೆಚ್ಚಾಗಿ ಪ್ರವಾಸಿಗರಿಗೆಂದು ಮಾಡಿದವು. ನಮ್ಮ ಹಾಡುಗಳನ್ನು ಹುಡುಕುವಾಗಲೂ ಚೌಡಿಕೆ, ಚೌಡ್ಕಿ, ಚೌಡಕಿ ಎಂದು ಜನ ಬರೆಯುವ ರೂಪಗಳನ್ನೆಲ್ಲ ಪ್ರಯತ್ನಿಸಬೇಕು. 'ವರ್ಲ್ಡ್ ಮ್ಯೂಸಿಕ್' ಎಂಬ ಹಣೆಪಟ್ಟಿಯನ್ನು ಮಾತ್ರ ಹುಡುಕಾಟಕ್ಕೆ ಬಳಸಬೇಡಿ. ಇಡೀ ಜಗತ್ತು ಎಂಬುದು ಯಾವ ಊರಿನ ವಿಳಾಸವೂ ಅಲ್ಲ.

ಸ್ಮಿತ್ಸೋನಿಯನ್ ಫೋಕ್‌ವೇಸ್ ತಾಣವನ್ನು ವಿಶೇಷವಾಗಿ ಹೇಳಬೇಕು. ಮೋಸೆಸ್ ಆಶ್ 1948ರಲ್ಲಿ ನ್ಯೂಯಾರ್ಕಿನಲ್ಲಿ ಕಟ್ಟಿದ ಫೋಕ್‌ವೇಸ್ ಸಂಸ್ಥೆಯನ್ನು 1987ರಲ್ಲಿ ಅಮೆರಿಕದ ಸಂಗ್ರಹಾಲಯಗಳ ಸಂಸ್ಥೆಯಾದ ಸ್ಮಿತ್ಸೋನಿಯನ್ ವಹಿಸಿಕೊಂಡಾಗ, ಅದರ 2,000ಕ್ಕೂ ಹೆಚ್ಚು ಆಲ್ಬಮ್‌ಗಳಲ್ಲಿ ಒಂದೂ ಸಿಗದಂತಾಗಬಾರದು ಎಂಬ ಷರತ್ತು ಇತ್ತು. ಮಾರಾಟವಾಗದ್ದನ್ನು ಮೂಲೆಗೆ ಹಾಕುವ ವ್ಯಾಪಾರದಲ್ಲಿ ಇಂಥ ಷರತ್ತು ಎಷ್ಟು ಅಪರೂಪವೆಂಬುದನ್ನು ನೆನೆದರೆ ಕೃತಜ್ಞತೆ ಮೂಡುತ್ತದೆ. ಆಲ್ಬಮ್‌ಗಳ ಜೊತೆಗಿನ ಲೈನರ್ ನೋಟ್ಸ್ ಅಲ್ಲಿ ಉಚಿತವಾಗಿ ಸಿಗುತ್ತವೆ. ಯಾರು ಹಾಡಿದರು, ಯಾವ ಸಂದರ್ಭದಲ್ಲಿ, ವಾದ್ಯವನ್ನು ಯಾವುದರಿಂದ ಮಾಡುತ್ತಾರೆ ಎಂಬ ವಿವರಗಳನ್ನು ಅವುಗಳಿಂದ ತಿಳಿಯಬಹುದು. ಬ್ಯಾಂಡ್‌ಕ್ಯಾಂಪ್‌ನಲ್ಲಿ ಇಂದಿನ ಕಲಾವಿದರು ತಾವೇ ಅಂಗಡಿ ತೆರೆದಿರುತ್ತಾರೆ. ಕೊಟ್ಟ ಹಣದ ಹೆಚ್ಚಿನ ಪಾಲು ಅವರಿಗೇ ಹೋಗುತ್ತದೆ. ರೇಡಿಯೋ ಗಾರ್ಡನ್‌ನಲ್ಲಿ ಭೂಗೋಳವನ್ನು ಬೆರಳಿನಿಂದ ತಿರುಗಿಸಿ ಯಾವುದೋ ಊರಿನ ಬಾನುಲಿಯನ್ನು ಆ ಕ್ಷಣದಲ್ಲಿಯೇ ಕೇಳಬಹುದು. ವಾದ್ಯಗಳನ್ನು ಕಣ್ಣಾರೆ ನೋಡಬೇಕೆನ್ನುವವರಿಗೆ ಬೆಂಗಳೂರಿನ ಜೆ.ಪಿ. ನಗರದ ಇಂಡಿಯನ್ ಮ್ಯೂಸಿಕ್ ಎಕ್ಸ್‌ಪೀರಿಯನ್ಸ್ ಸಂಗ್ರಹಾಲಯ ಮತ್ತು ರಾಮನಗರದ ಜಾನಪದ ಲೋಕ ಇವೆ.

ಹಾಡಿದವರ ಹೆಸರು, ಊರು, ವರ್ಷ ಯಾವುದೂ ಇಲ್ಲದೆ ಬರಿಯ ಬೆಟ್ಟಗುಡ್ಡಗಳ ಚಿತ್ರದೊಂದಿಗೆ 'ಪ್ರಾಚೀನ ಶಾಮನ್ ಸಂಗೀತ' ಎಂಬಂತಹ ಹೆಸರಿಟ್ಟ ಗಂಟೆಗಟ್ಟಲೆಯ ವಿಡಿಯೋಗಳನ್ನು ನಂಬಬೇಡಿ. ಅವುಗಳಲ್ಲಿ ಹಲವು ಕಂಪ್ಯೂಟರಿನಲ್ಲಿ ಹೆಣೆದವು.

ಐದನೆಯ ಹೆಜ್ಜೆ: ಮೂರು ಸಲ ಕೇಳಿರಿ, ಬರೆದಿಡಿರಿ

ಮೊದಲನೆಯ ಸಲ ಏನನ್ನೂ ಓದದೆ ಕೇಳಿ. ಎರಡನೆಯ ಸಲ ಆಧಾರ ಷಡ್ಜವನ್ನು ಗುನುಗಿಕೊಂಡು, ಕೈಯಲ್ಲಿ ಎಣಿಕೆ ಹಾಕಿಕೊಂಡು ಕೇಳಿ. ಮೂರನೆಯದು ವಿವರಗಳನ್ನು ಓದಿದ ಮೇಲೆ, ಸಾಧ್ಯವಾದರೆ ಬೇರೆ ದಿನ.

ಕಿವಿ ಮೊದಲಿಗೆ ಒಪ್ಪದ ಸಂಗೀತಕ್ಕೆ ಈ ಕ್ರಮ ಹೆಚ್ಚು ಅಗತ್ಯ. ಮೇಲೆ ಹೇಳಿದ ಜಾವಾದ 'ಪುಷ್ಪವರ್ಣ'ವನ್ನೇ ನೋಡಿ. ಅದರ ಸ್ಲೆಂದ್ರೊ ಶ್ರೇಣಿಯು ಸ್ಥಾಯಿಯನ್ನು ಸುಮಾರು ಸಮನಾದ ಐದು ಭಾಗಗಳಾಗಿ ಹಂಚುವುದರಿಂದ ಅದರ ಸ್ವರಗಳು ನಮ್ಮ ಸ್ವರಸ್ಥಾನಗಳ ಮೇಲೆ ಬಂದು ಕೂರುವುದಿಲ್ಲ. ಒಂದು ಮೇಳದ ಶ್ರುತಿ ಇನ್ನೊಂದು ಮೇಳದಂತೆಯೂ ಇರುವುದಿಲ್ಲ. ನನಗೆ ಅದು ಮೊದಲ ಸಲ ಅಪಶ್ರುತಿಯಾಗಿಯೇ ಕೇಳಿಸಿತು. ಒಂದು ವರ್ಷ ಮತ್ತೆ ಮುಟ್ಟಲಿಲ್ಲ. ಆಮೇಲೆ ಸ್ವರವನ್ನು ಬಿಟ್ಟು ತಾಳದ ಎಳೆಯನ್ನು ಹಿಡಿದಾಗ ಬಾಗಿಲು ತೆರೆಯಿತು. ಈ ರಚನೆ ಕೆತವಾಂಗ್ ಎಂಬ ಬಗೆಯದು: 16 ಎಣಿಕೆಗಳ ಆವರ್ತನ, ಎಂಟನೆಯದಕ್ಕೆ ಮತ್ತು ಹದಿನಾರನೆಯದಕ್ಕೆ ಕೆನೊಂಗ್ ಎಂಬ ಮಧ್ಯಮ ಗಾತ್ರದ ಕಂಚಿನ ಪಾತ್ರೆಯ ಪೆಟ್ಟು, ಕೊನೆಯ ಎಣಿಕೆಗೆ ದೊಡ್ಡ ಗಾಂಗ್. ನಾವು ಸಮವನ್ನು ಆವರ್ತನದ ಮೊದಲ ಎಣಿಕೆಯೆಂದು ಕರೆಯುತ್ತೇವೆ, ಅವರು ಗಾಂಗ್ ಬೀಳುವುದನ್ನು ಕೊನೆಯ ಎಣಿಕೆಯೆಂದು ಕರೆಯುತ್ತಾರೆ. ಎಲ್ಲರೂ ಬಂದು ಸೇರುವ ಜಾಗವಂತೂ ಅದೇ. ಬೇರೆಲ್ಲವನ್ನೂ ಬಿಟ್ಟು ಆ ಆಳವಾದ ಗಾಂಗ್‌ಗಾಗಿ ಮಾತ್ರ ಕಾಯಿರಿ. ನಾಲ್ಕನೆಯ ಸಲ ಅದು ಬೀಳುವ ಹೊತ್ತಿಗೆ, ತೀನ್‌ತಾಳದ ಸಮಕ್ಕೆ ತಲೆದೂಗುವವರ ತಲೆ ಅಲ್ಲಿಯೂ ತೂಗುತ್ತದೆ.

ಕೇಳಿದ್ದನ್ನು ಬರೆದಿಡಲು ಸಾಧಾರಣ ನೋಟ್‌ಪುಸ್ತಕ ಸಾಕು. ನನ್ನ ಪುಸ್ತಕದ ಒಂದು ನಮೂದು ಹೀಗಿದೆ: "ಪುಷ್ಪವರ್ಣ. ಗಮೆಲಾನ್, ಪಾಕು ಆಲಮನ್ ಅರಮನೆ, ಯೋಗ್ಯಕರ್ತ. ಮುದ್ರಣ ರಾಬರ್ಟ್ ಬ್ರೌನ್, ಪ್ರಕಟಣೆ ನನ್‌ಸಚ್, 1971. ಎಳೆ: ಹದಿನಾರರ ಆವರ್ತನ. ತೊಡಕು: ಸ್ವರಸ್ಥಾನ. ಯಾರಿಗೆ: ತಬಲಾ ಕಲಿಯುವ ಅಳಿಯನಿಗೆ." ಕೊನೆಯ ಮೂರು ಅಂಶಗಳನ್ನು ಎಂದೂ ಬಿಡಬೇಡಿ. ಮುಂದಿನ ಹೆಜ್ಜೆಗೆ ಅವೇ ಬಂಡವಾಳ.

ಆರನೆಯ ಹೆಜ್ಜೆ: ಒಬ್ಬರಿಗೆ ಒಂದನ್ನೇ ಕೊಡಿರಿ

ಸಂಗೀತವನ್ನು ದಾಟಿಸುವುದರಲ್ಲಿ ನಡೆಯುವ ದೊಡ್ಡ ತಪ್ಪು ರಾಶಿ ಹಾಕುವುದು. ನಲವತ್ತು ಹಾಡುಗಳ ಪಟ್ಟಿಯನ್ನು ವಾಟ್ಸಾಪ್ ಗುಂಪಿಗೆ ಹಾಕಿದರೆ ಅದು ಯಾರಿಗೂ ಕೊಟ್ಟಂತಾಗುವುದಿಲ್ಲ. ಪಡೆದವರಿಗೆ ಅದು ಮುಗಿಸಬೇಕಾದ ಕೆಲಸವಾಗಿ ಕಾಣುತ್ತದೆ. ಒಬ್ಬರನ್ನು ಮನಸ್ಸಿನಲ್ಲಿಟ್ಟುಕೊಂಡು ಒಂದೇ ಹಾಡನ್ನು ಆರಿಸಿ. ಅವರ ಕಿವಿಗೆ ಗೊತ್ತಿರುವ ಎಳೆ ಯಾವುದು, ಎಷ್ಟು ಹೊತ್ತಿನ ಹಾಡು, ಎಲ್ಲಿ ತೊಡಕಾಗಬಹುದು, ಎಲ್ಲಿ ಕಾಯಬೇಕು ಎಂಬ ನಾಲ್ಕು ಮಾತುಗಳನ್ನು ಜೊತೆಗೆ ಬರೆಯಿರಿ. ಭಜನಾ ಮಂಡಳಿಯಲ್ಲಿ ಹಾಡುವ ನಮ್ಮ ಅಕ್ಕನಿಗೆ ಜಾರ್ಜಿಯಾ ದೇಶದ ಹಾಡೊಂದನ್ನು ಕಳುಹಿಸುವಾಗ ನಾನು ಬರೆದದ್ದು ಇಷ್ಟು:

"ಅಕ್ಕಾ, ಇದು ಚಕ್ರುಲೊ ಅಂತ, ಜಾರ್ಜಿಯಾದ ಕಾಖೇತಿ ಸೀಮೆಯ ಹಾಡು. ವಾದ್ಯ ಇಲ್ಲ, ಬರೇ ಗಂಡಸರ ದನಿ. ನಿಮ್ಮ ಮಂಡಳಿಯಲ್ಲಿ ಪೆಟ್ಟಿಗೆ ಶ್ರುತಿ ಹಿಡಿದಿರುತ್ತದಲ್ಲ, ಆ ಕೆಲಸವನ್ನು ಇಲ್ಲಿ ಕೆಳಗಿನ ಗುಂಪಿನ ದನಿ ಮಾಡುತ್ತದೆ, ಮೇಲೆ ಇಬ್ಬರು ಹಾಡುತ್ತಾರೆ. ಆ ಇಬ್ಬರ ದನಿ ಒಂದಕ್ಕೊಂದು ಉಜ್ಜಿದ ಹಾಗೆ ಕೇಳಬಹುದು, ಅದು ತಪ್ಪಲ್ಲ, ಅವರ ರೀತಿಯೇ ಅದು. ಮೊದಲ ಸಲ ಕೆಳಗಿನ ದನಿಯನ್ನು ಮಾತ್ರ ಹಿಡಿದು ಕೇಳಿ. ಬಿಡುವಾದಾಗ ಸಾಕು."

ಈ ಕೊನೆಯ ಮಾತನ್ನು ನಾನು ಬೇಕೆಂದೇ ಸೇರಿಸುತ್ತೇನೆ. ಕೇಳಿದಿರಾ, ಹೇಗನಿಸಿತು ಎಂದು ಮರುದಿನವೇ ವಿಚಾರಿಸುವುದು ಸಂಗೀತವನ್ನು ಪರೀಕ್ಷೆಯನ್ನಾಗಿ ಮಾಡುತ್ತದೆ. "ನೀವು ಕೇಳಲೇಬೇಕು", "ಇದನ್ನು ಕೇಳಿರದಿದ್ದರೆ ಏನು ಕೇಳಿದಂತಾಯಿತು" ಎಂಬ ಮಾತುಗಳೂ ಬೇಡ. ಅವು ಸಂಗೀತವನ್ನು ಮುಂದಿಡದೆ ನಮ್ಮ ಜಾಣ್ಮೆಯನ್ನು ಮುಂದಿಡುತ್ತವೆ. ಹಿರಿಯರಿಗೆ ಕೊಂಡಿ ಕಳುಹಿಸುವುದಕ್ಕಿಂತ ಜೊತೆಯಲ್ಲಿ ಕುಳಿತು ಕೇಳಿಸುವುದು ಒಳ್ಳೆಯದು. ಫೋನಿನ ಸಣ್ಣ ಸ್ಪೀಕರಿನಲ್ಲಿ ಗಾಂಗ್‌ನ ಆಳ, ತಂಬೂರಿಯ ಅನುಸ್ವರ ಎರಡೂ ಕಳೆದುಹೋಗುತ್ತವೆ. ಇಷ್ಟವಾಗಲಿಲ್ಲವೆಂದು ಯಾರಾದರೂ ಹೇಳಿದರೆ ಅದನ್ನು ಪುಸ್ತಕದಲ್ಲಿ ಬರೆದಿಟ್ಟು, ಮುಂದಿನ ಸಲ ಬೇರೆ ಎಳೆಯನ್ನು ಹುಡುಕಿ. ಕಲಾವಿದರ ಹೆಸರು ಮತ್ತು ಊರನ್ನು ಪ್ರತಿ ಸಲವೂ ಪೂರ್ತಿಯಾಗಿ ಬರೆಯಿರಿ. "ಒಂದು ಆಫ್ರಿಕನ್ ಹಾಡು" ಎಂದು ಕೊಟ್ಟರೆ ಅಲ್ಲಿಂದ ಮುಂದಕ್ಕೆ ಯಾರೂ ಹೋಗಲಾರರು.

ಏಳನೆಯ ಹೆಜ್ಜೆ: ಪ್ರತಿಯಾಗಿ ಒಂದನ್ನು ಕೇಳಿರಿ

ಕೊಟ್ಟವರು ಪಡೆಯಲೂ ಸಿದ್ಧರಿರಬೇಕು. "ಇದನ್ನು ಕೇಳಿದಾಗ ನಿಮಗೆ ಯಾವುದು ನೆನಪಾಯಿತು?" ಎಂದು ಕೇಳಿ ನೋಡಿ. ತಿಜಿತಾ ಕೇಳಿದ ಕೆಲವು ವಾರಗಳ ನಂತರ ಕಾಕಾ ಟ್ರಂಕಿನ ತಳದಿಂದ ಒಂದು ಕ್ಯಾಸೆಟ್ ತೆಗೆದು ತಂದರು. ಮೇಲೆ ಸೀಸದ ಕಡ್ಡಿಯಲ್ಲಿ 'ಗುಡ್ಡ, ಭಾರತ ಹುಣ್ಣಿವಿ' ಎಂದಷ್ಟೇ ಬರೆದಿತ್ತು. ಸವದತ್ತಿಯ ಜಾತ್ರೆಯಲ್ಲಿ ಅವರೇ ಯಾವಾಗಲೋ ಮುದ್ರಿಸಿಕೊಂಡ ಚೌಡಿಕೆ ಪದ ಅದು. ಜನರ ಗದ್ದಲ, ಎತ್ತುಗಳ ಗೆಜ್ಜೆ, "ಉಧೋ ಉಧೋ" ಎಂಬ ಕೂಗುಗಳ ನಡುವೆ ಒಬ್ಬ ಹೆಣ್ಣುಮಗಳ ದನಿ ಸೀಳಿಕೊಂಡು ಬರುತ್ತದೆ. ಅವಳ ಚೌಡಿಕೆಯ ತಂತಿ ಸಾಲಿನ ಕೊನೆಯಲ್ಲೆಲ್ಲ ಮೇಲಕ್ಕೆ ಜಾರಿ ನಿಲ್ಲುತ್ತದೆ. ನೋಟ್‌ಪುಸ್ತಕದಲ್ಲಿ ಊರು ತುಂಬಿದ್ದೇನೆ, ವಾದ್ಯ ತುಂಬಿದ್ದೇನೆ, ಎಳೆಯೆಂದು ಬಾವುಲರ ಖಮಕ್ ಎಂದು ಬರೆದಿದ್ದೇನೆ. ಹಾಡಿದವರ ಹೆಸರಿನ ಜಾಗ ಖಾಲಿ ಇದೆ. ಮುಂದಿನ ಭಾರತ ಹುಣ್ಣಿಮೆಗೆ ಕಾಕಾ ಅವರನ್ನು ಕರೆದುಕೊಂಡು ಗುಡ್ಡಕ್ಕೆ ಹೋಗಿ, ಅಲ್ಲಿನ ಹಿರಿಯ ಪದದವರಿಗೆ ಈ ದನಿಯನ್ನು ಕೇಳಿಸಿ ವಿಚಾರಿಸಬೇಕೆಂದಿದ್ದೇವೆ.